ಬರೆಯದೆ ಉಳಿದ ನಲವತ್ತೊಂದು ಚಮಚ

"ಇದರಲ್ಲಿ ಸುಳ್ಳಿದೆ!"

ಆಸ್ಪತ್ರೆಯ ಡಯಟಿಷಿಯನ್ ಅವಳು ದಿನಾ ತಿಂದದ್ದನ್ನು ಬರೆದಿಟ್ಟ ಪುಸ್ತಕವನ್ನು ಮೇಜಿನ ಮೇಲೆ ತಳ್ಳಿದ. ಅಲ್ಲಿಯವರೆಗೆ ಪುಸ್ತಕ ನರ್ಸ್ ಕೈಯಲ್ಲಿ ಹೋಗಿ ಬರುತ್ತಿತ್ತು. ಇಬ್ಬರೂ ಮುಖಾಮುಖಿಯಾದದ್ದು ಅಂದೇ ಮೊದಲು.

ಅವಳು ಅದೇ ಆಸ್ಪತ್ರೆಯ ಅಡುಗೆಯವಳು. ಬೆಳಗಿನಿಂದ ಒಲೆಯ ಮುಂದೆ ನಿಂತು ಕಾಲು ಊದಿಕೊಂಡಿತ್ತು.

"ದಿನಕ್ಕೆ ಸಾವಿರದ ಮುನ್ನೂರು ಕ್ಯಾಲೊರಿ ತಿಂದೆ ಅಂತ ಬರೆದಿದ್ದೀರಿ. ನಿಮ್ಮ ಮೈ ಖರ್ಚು ಮಾಡೋದು ಸಾವಿರದ ಒಂಬೈನೂರು. ತಿನ್ನೋದಕ್ಕಿಂತ ಖರ್ಚು ಜಾಸ್ತಿ ಆದ್ರೆ ತೂಕ ಇಳೀಲೇಬೇಕು. ಆರು ವಾರದಲ್ಲಿ ನೂರು ಗ್ರಾಮೂ ಇಳಿದಿಲ್ವಲ್ಲ!"

"ನಾನು ಕದ್ದು ತಿಂತೀನಿ ಅಂತೀರಾ? ನನ್ನ ಅಕ್ಕನ ಜೀವದ ವಿಷಯದಲ್ಲಿ?"

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ತಂಗಿಯದು ಹೊಂದುತ್ತಿತ್ತು. ಆದರೆ ಅವಳ ತೂಕ ಆರು ಕೆಜಿ ಇಳಿಯದೆ ಚಾಕು ಮುಟ್ಟುವುದಿಲ್ಲ ಎಂದಿದ್ದರು ಸರ್ಜನ್.

ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ದಿನ ದೂಡಿದ್ದಕ್ಕೆ ಇದೇನಾ ಬಹುಮಾನ...? ಅವಳು ಪುಸ್ತಕ ಎತ್ತಿಕೊಂಡು ಎದ್ದು ಹೋದಳು. ಜಗಳಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ.

ಸುದ್ದಿ ಡಯಾಲಿಸಿಸ್ ವಾರ್ಡಿಗೆ ಮುಟ್ಟಿತು. ಮರುದಿನ ರೌಂಡ್ಸಿಗೆ ಬಂದ ಡಯಟಿಷಿಯನ್‌ಗೆ ಅಕ್ಕ ಹಾಸಿಗೆಯಲ್ಲಿದ್ದುಕೊಂಡೇ ಬಿಸಿ ಮುಟ್ಟಿಸಿದಳು.

"ನಮ್ಮ ಪುಟ್ಟಿಗೆ ಸುಳ್ಳು ಹೇಳೋಕೆ ಬಂದಿದ್ರೆ ಇಷ್ಟೊತ್ತಿಗೆ ಉದ್ಧಾರ ಆಗಿರ್ತಿದ್ಲು ಸಾರ್!"

ಅವನಿಗೆ ಅದು ನಾಟಿತು. ಅದರ ಮಾರನೆಯ ಬೆಳಿಗ್ಗೆ ಅಡುಗೆಮನೆಗೆ ಬಂದು ಮೂಲೆಯ ಸ್ಟೂಲಿನ ಮೇಲೆ ಕುಳಿತ. ಅವಳು ತಿರುಗಿಯೂ ನೋಡಲಿಲ್ಲ. 'ಕಳ್ಳಿಯನ್ನ ಹಿಡಿಯೋಕೆ ಬಂದಿದ್ದಾನೆ. ಹಿಡೀಲಿ!'

ಸಂಜೆ ಕೊನೆಯ ಅಡುಗೆ ಇಳಿಯುವ ಹೊತ್ತಿಗೆ ಅವನು ಹತ್ತಿರ ಬಂದ.

"ನಲವತ್ತೊಂದು ಚಮಚ."

"ಏನು?"

"ರುಚಿ ನೋಡಿದ್ದು. ಬೆಣ್ಣೆ ಹಾಕಿದ ಸೂಪು, ಹಾಲಿನ ಗಂಜಿ, ಮೊಟ್ಟೆ... ಎಲ್ಲ ಸೇರಿದ್ರೆ ಹೆಚ್ಚು ಕಡಿಮೆ ಆರುನೂರು ಕ್ಯಾಲೊರಿ. ತಿಂದದ್ದೂ ಖರ್ಚೂ ಸಮ ಆಗೋಯ್ತು."

ಅವಳು ಸೌಟು ಕೆಳಗಿಟ್ಟಳು. ರುಚಿ ನೋಡುವುದೂ ತಿನ್ನುವುದೇ? ಹದಿನೈದು ವರ್ಷ ಒಲೆ ಕಾದವಳಿಗೆ ಅದು ಉಸಿರಾಡಿದಷ್ಟೇ ಸಹಜ. ಯಾರಾದರೂ ಉಸಿರನ್ನು ಬರೆದಿಡುತ್ತಾರೆಯೇ? ಹನಿಗೂಡಿ ಹಳ್ಳವಾಗಿತ್ತು, ಅಷ್ಟೇ.

"ಹಾಗಾದ್ರೆ... ಆರು ವಾರ ಅಕ್ಕನ್ನ ಕಾಯಿಸಿದ್ದು ನಾನೇ!" ಅವಳಿಗೆ ಅಳು ಒತ್ತರಿಸಿ ಬಂತು.

"ಅಲ್ಲ, ನಾನು. ಏನು ತಿಂದ್ರಿ ಅಂತ ಕೇಳಿದೆ. ದಿನವಿಡೀ ಏನು ಕೆಲಸ ಮಾಡ್ತೀರಿ ಅಂತ ಕೇಳ್ಲೇ ಇಲ್ಲ. ಕ್ಷಮಿಸಿ."

"ರುಚಿ ನೋಡದೆ ಇನ್ನೂರು ರೋಗಿಗಳಿಗೆ ಹೇಗೆ ಬಡಿಸ್ಲಿ?"

"ನಾನು ನೋಡ್ತೀನಿ."

ನೋಡಿದ, ದಿನಾ ಬಂದು ನೋಡಿದ. ಆದರೆ ಪುಣ್ಯಾತ್ಮನ ಬಾಯಲ್ಲಿ ಉಪ್ಪು ಕಮ್ಮಿ, ಉಪ್ಪು ಜಾಸ್ತಿ ಅನ್ನೋ ಮಾತೇ ಬರುತ್ತಿರಲಿಲ್ಲ! ಎಲ್ಲಕ್ಕೂ "ಚೆನ್ನಾಗಿದೆ" ಎನ್ನುತ್ತಿದ್ದ. ತಟ್ಟೆಗಳು ಅರ್ಧಂಬರ್ಧ ವಾಪಸು ಬರತೊಡಗಿದವು. ಕೊನೆಗೆ ಅವಳು ಅವನ ಮಾತು ಬಿಟ್ಟು ಮುಖ ಓದಲು ಕಲಿತಳು. ಉಪ್ಪು ಹೆಚ್ಚಾದರೆ ಎಡ ಹುಬ್ಬು ಏರುತ್ತಿತ್ತು. ಸಪ್ಪೆಯಾದರೆ ಕಣ್ಣು ಎತ್ತಲೋ ಹೋಗುತ್ತಿತ್ತು. ಆ ಮುಖವನ್ನು ದಿನಕ್ಕೆ ನಲವತ್ತು ಸಲ ನೋಡುವುದು ಯಾವಾಗ ಬೇಕೆನಿಸತೊಡಗಿತೋ ಅವಳಿಗೇ ತಿಳಿಯಲಿಲ್ಲ.

ಮೂರು ತಿಂಗಳಲ್ಲಿ ಅವನ ತೂಕ ಮೂರು ಕೆಜಿ ಏರಿತು. ಅವಳದು...

"ಆರು ಕೆಜಿ ಇನ್ನೂರು ಗ್ರಾಂ ಇಳಿದಿದೆ!" ತೂಕದ ಯಂತ್ರ ನೋಡಿ ಅವನು ಕೂಗಿದ. "ಇಷ್ಟಾದ್ರೆ ಸರ್ಜನ್ ಸೋಮವಾರಾನೇ ಆಪರೇಷನ್ ಮಾಡ್ತಾರಂತೆ."

ಅವಳು ನಗಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

"ಖುಷಿ ಆಗ್ತಿಲ್ವಾ?"

"ಸುಸ್ತಾಗಿದೆ... ಗಟ್ಟಿಗಿತ್ತಿ ಥರ ಇದ್ದು ಇದ್ದು ಸಾಕಾಗಿದೆ. ಭಯಾನೂ ಆಗ್ತಿದೆ."

ಅವನು ಪಕ್ಕದಲ್ಲಿ ಕುಳಿತ.

"ಸೋಮವಾರ ಥಿಯೇಟರ್ ಬಾಗಿಲ ಹತ್ತಿರಾನೇ ಕೂತಿರ್ತೀನಿ. ಡಯಟಿಷಿಯನ್ ಆಗಿ ಅಲ್ಲ."

"ಮತ್ತೆ?"

"ನಿಮ್ಮವನಾಗಿ. ನೀವು ಒಪ್ಪಿದ್ರೆ..."

ಅವಳ ತಲೆ ತಾನಾಗಿಯೇ ಅವನ ಹೆಗಲಿಗೆ ವಾಲಿತು.

"ಹಾಗಾದ್ರೆ ಅವತ್ತು ಊಟ ಮಾಡ್ಕೊಂಡು ಬಾ. ತುಂಬಾ ಹೊತ್ತು ಕಾಯ್ಬೇಕಾಗುತ್ತೆ."