ಗಾಳಿಕೋಣೆಯ ನಿಧಾನಿ

"ವಾಲ್ವ್ ಮೇಲಿಂದ ಕೈ ತೆಗಿ."

ಮ್ಯಾನೇಜರ್ ಸಾಹೇಬರ ಬಲಗೈ ಬಂಟ ಗೂಳಿ ಹೇಳಿದ್ದು ನನಗಲ್ಲ, ನನ್ನ ತಂಗಿಯ ಗಂಡನಿಗೆ. ಹೇಳುವಾಗ ಅವನ ಕೈಯಲ್ಲಿ ಮೊಳದುದ್ದದ ಸ್ಪ್ಯಾನರ್ ಇತ್ತು.

ನಾವು ನಾಲ್ಕು ಜನ, ಒಂದು ಕಬ್ಬಿಣದ ಕೋಣೆ. ಮೇಲಿನ ಬಾಗಿಲು ಮುಚ್ಚಿತ್ತು, ಕೆಳಗಿನದೂ ಮುಚ್ಚಿತ್ತು. ಓಡಿಹೋಗೋಣ ಎಂದರೆ ಎಲ್ಲಿಗೆ ಸ್ವಾಮಿ?

ನಿಮಗೆ ಆ ಜಾಗ ಅರ್ಥ ಆಗಬೇಕು. ಲೋಟವನ್ನು ಬೋರಲು ಹಾಕಿ ಬಕೆಟ್ಟಿನ ನೀರಿಗೆ ಅದುಮಿದರೆ ಒಳಗೆ ಗಾಳಿ ಉಳಿಯುತ್ತದಲ್ಲ, ಹಾಗೆ. ಮನೆಯಷ್ಟು ದೊಡ್ಡ ಪೆಟ್ಟಿಗೆಯನ್ನು ನದಿಯ ತಳಕ್ಕೆ ಬೋರಲು ಇಳಿಸಿ, ನೀರು ನುಗ್ಗದಂತೆ ಗಾಳಿ ತುಂಬಿ, ಒಳಗೆ ಕೂತು ಮಣ್ಣು ಅಗೆಯುತ್ತಾರೆ. ಬಂಡೆ ಸಿಕ್ಕಿದ ಮೇಲೆ ಅದರ ಮೇಲೆ ಗೋಪುರ. ಗೋಪುರಕ್ಕೆ ಪ್ರಪಂಚದಲ್ಲೇ ಅತಿ ಉದ್ದದ ಸೇತುವೆಯನ್ನು ತೂಗುಹಾಕುತ್ತಾರೆ. ಕೆಳಗಿನಿಂದ ಬಂದವರು ಮೊದಲು ಈ ಕೋಣೆಯಲ್ಲಿ ಕೂರಬೇಕು. ಒತ್ತಡ ಸ್ವಲ್ಪ ಸ್ವಲ್ಪವೇ ಇಳಿಯಬೇಕು. ವಾಲ್ವ್ ತಿರುಗಿಸುವವನು ನನ್ನ ತಂಗಿಯ ಗಂಡ. ಸೈಟಿನವರೆಲ್ಲ ಅವನನ್ನು ನಿಧಾನಿ ಎಂದೇ ಕರೆಯುತ್ತಿದ್ದರು.

ನಾನು? ಕಂಪನಿಯ ಸೆಕ್ಯೂರಿಟಿ. ಸೈಟಿನಲ್ಲಿ ಏನಾದರೂ ಆದರೆ ಏನೂ ಆಗಿಲ್ಲ ಅನ್ನುವುದು ನನ್ನ ಕೆಲಸ.

"ಬೇಗ ಬಿಡಯ್ಯಾ, ಮೇಲೆ ಗೆಸ್ಟ್‌ಗಳು ಕಾಯ್ತಿದ್ದಾರೆ," ಎಂದರು ಮ್ಯಾನೇಜರ್ ಸಾಹೇಬರು. ಕೆಳಗೆ ಒಂದು ರೌಂಡ್ ಹಾಕಿ, ಗುದ್ದಲಿ ಹಿಡಿದು ಫೋಟೋ ತೆಗೆಸಿಕೊಂಡು ಹೊರಟಿದ್ದರು.

"ಪೂರ್ತಿ ಟೈಮ್ ಆಗ್ಲಿ ಸಾರ್," ಎಂದ ನಿಧಾನಿ. ದನಿಯಲ್ಲಿ ಸಿಟ್ಟಿಲ್ಲ, ಹೆದರಿಕೆಯೂ ಇಲ್ಲ.

ಸ್ಪ್ಯಾನರ್ ಮೇಲೆದ್ದಿತು.

ನಾನು ಗೂಳಿಯ ಮಣಿಕಟ್ಟು ಹಿಡಿದು ತಿರುಚಿದೆ. ಲಟಕ್!

ಗೂಳಿ ಬೊಬ್ಬೆ ಹಾಕಿದ. ಅವನನ್ನು ಗೋಡೆಗೆ ಒತ್ತಿ ಹಿಡಿಯುವಷ್ಟರಲ್ಲಿ ಸಾಹೇಬರೇ ಎದ್ದು, ನಿಧಾನಿಯನ್ನು ಪಕ್ಕಕ್ಕೆ ತಳ್ಳಿ, ಚಕ್ರ ತಿರುಗಿಸಿಬಿಟ್ಟರು...

ಗಾಳಿ ಶಿಳ್ಳೆ ಹೊಡೆಯಿತು. ಕೋಣೆ ತುಂಬ ಮಂಜು. ಕಿವಿಯೊಳಗೆ ಮೊಳೆ ಹೊಡೆದಂತಾಯಿತು. ಮೇಲಿನ ಬಾಗಿಲು ತೆರೆದು ಬಿಸಿಲು ಬಿತ್ತು.

ಸಾಹೇಬರು ಕೋಟು ಕೊಡವಿಕೊಂಡು ನಕ್ಕರು. "ಏನಾಯ್ತು? ನಾಲ್ಕೂ ಜನ ನೆಟ್ಟಗೆ ನಿಂತಿಲ್ವಾ?"

"ನೀವು ಬಂದು ಹೋದೋರು ಸಾರ್," ಎಂದ ನಿಧಾನಿ. "ಅಷ್ಟು ಹೊತ್ತಿಗೆ ಮೈಗೆ ಏನೂ ಹತ್ತಲ್ಲ. ನಾನು ಬೆಳಗಿಂದ ಕೆಳಗೇ ಇದ್ದೆ, ಮಣ್ಣೆತ್ತೋ ಬಕೆಟ್ ಸಿಕ್ಕಾಕ್ಕೊಂಡಿತ್ತು, ಬಿಡಿಸ್ತಿದ್ದೆ. ನನ್ನನ್ನ ಡಾಕ್ಟರಮ್ಮನ ಗಾಳಿಕೋಣೆಗೆ ಸೇರಿಸಿ. ಮತ್ತೆ ಒತ್ತಡ ಏರಿಸಿ, ನಿಧಾನಕ್ಕೆ ಇಳಿಸ್ಬೇಕು."

"ಇವತ್ತಾ? ಗೆಸ್ಟ್‌ಗಳ ಎದುರಿಗಾ?" ಸಾಹೇಬರು ಗೇಟಿನ ಕಡೆ ಬೆರಳು ತೋರಿಸಿದರು. "ನಿನ್ನ ಕೆಲಸ ಮುಗೀತು. ನಡಿ."

ಗೇಟಿನಲ್ಲಿ ಕೆಲಸ ಬಿಡುವವರು ಕಂಪನಿಯ ಸಾಮಾನು ಒಪ್ಪಿಸಿ ಹೋಗಬೇಕು. ನಿಧಾನಿ ಹೆಲ್ಮೆಟ್ ಕೊಟ್ಟ. ಬೂಟು ಕಳಚಿದ. ಆಮೇಲೆ ಕೊರಳಿನ ತಗಡಿನ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟ. ಕೆಳಗೆ ಇಳಿಯುವವರೆಲ್ಲ ಹಾಕಿಕೊಳ್ಳುವ ಬಿಲ್ಲೆ. 'ನಾನು ಕುಡಿದಿಲ್ಲ. ಬಿದ್ದಿದ್ದರೆ ಆಸ್ಪತ್ರೆಗೆ ಬೇಡ, ಸೇತುವೆಯ ಗಾಳಿಕೋಣೆಗೆ ತಲುಪಿಸಿ' ಎಂದು ಅದರಲ್ಲಿ ಕೊರೆದಿರುತ್ತದೆ.

"ಅದನ್ನ ಇಟ್ಕೋ ಮಾರಾಯ," ಎಂದೆ.

"ಕಂಪನೀದು ಭಾವ. ಡ್ಯೂಟಿ ಇದ್ದೋರಿಗೆ ಮಾತ್ರ."

ನೋಡಿದಿರಾ? ಒತ್ತಡ ಇಳಿಸುವುದರಲ್ಲಿ ಯಾರಿಗೂ ಒಂದು ಗಳಿಗೆ ಬಿಡದ ಮನುಷ್ಯ ಇಲ್ಲೂ ಬಿಡಲಿಲ್ಲ. ಆ ನಿಯಮನಿಷ್ಠೆ ನೆನೆದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

"ಎದುರಿನ ಬಸ್‌ಸ್ಟಾಪಲ್ಲಿ ಕೂತಿರು. ಅಲ್ಲಾಡ್ಬೇಡ. ಡಾಕ್ಟರಮ್ಮನ್ನ ಕರ್ಕೊಂಡು ಬರ್ತೀನಿ."

"ಅವಸರ ಇಲ್ಲ. ಸದ್ಯಕ್ಕೆ ಚೆನ್ನಾಗೇ ಇದೀನಿ," ಎಂದ. ಬರಿಗಾಲಲ್ಲಿ ರಸ್ತೆ ದಾಟಿದ.

ಸೈಟಿನ ಡಾಕ್ಟರಮ್ಮ ಗೆಸ್ಟ್‌ಗಳ ಜೊತೆ ಆಚೆ ದಡದ ಗೋಪುರಕ್ಕೆ ಹೋಗಿದ್ದರು. ದೋಣಿ ಹಿಡಿದೆ, ಗೋಪುರ ಹತ್ತಿದೆ, ಸೂಟುಬೂಟಿನವರ ನಡುವೆ ನುಗ್ಗಿ ಅವರ ತೋಳು ಹಿಡಿದೆ. ನಡೆದದ್ದು ಕೇಳಿ ಅವರ ಮುಖ ಬಿಳಿಚಿಕೊಂಡಿತು.

"ಸೋಡಾ ಬಾಟ್ಲಿ ಮುಚ್ಚಳ ತೆಗೆದಂಗೆ ರೀ! ರಕ್ತದಲ್ಲಿ ಗುಳ್ಳೆ ಏಳತ್ತೆ. ಮೊದಲು ಕಾಲು ಹೋಗತ್ತೆ, ಆಮೇಲೆ ಉಸಿರು. ಎಲ್ಲಿದ್ದಾನೆ ಅವನು?"

"ಬಸ್‌ಸ್ಟಾಪಲ್ಲಿ."

ಬಸ್‌ಸ್ಟಾಪಲ್ಲಿ ಇರಲಿಲ್ಲ.

ಬೆಂಚು ಖಾಲಿ. ಪಕ್ಕದ ಚಹಾ ಅಂಗಡಿಯವನು ಲೋಟ ತೊಳೆಯುತ್ತಿದ್ದ.

"ಆ ಕುಡುಕನಾ? ಅಬ್ಬಾ, ಹಾಡುಹಗಲೇ! ಎರಡು ಹೆಜ್ಜೆ ಇಟ್ಟ, ಬಿದ್ದ. ಎದ್ದ, ಬಿದ್ದ. ಏನೋ ತೊದಲ್ತಿದ್ದ. ಪೊಲೀಸ್ ಜೀಪು ಎತ್ಹಾಕ್ಕೊಂಡು ಹೋಯ್ತು."

ಜನ್ಮದಲ್ಲಿ ಒಂದು ಹನಿ ಮುಟ್ಟಿದವನಲ್ಲ.

ಡಾಕ್ಟರಮ್ಮ ಗಾಳಿಕೋಣೆ ಸಿದ್ಧಮಾಡಲು ಓಡಿದರು. ನಾನು ಕಂಪನಿ ಜೀಪಿನಲ್ಲಿ ಠಾಣೆಗೆ ಹಾರಿದೆ. ದಾರಿಯಲ್ಲಿ ತಂಗಿಗೆ ಫೋನ್ ಮಾಡಿದೆ. "ಸೈಟಿಗೆ ಬಾ. ಹೆದರ್ಬೇಡ." ಹೆದರಬೇಡ ಎಂದ ತಕ್ಷಣ ಅವಳ ಉಸಿರು ಬದಲಾದದ್ದು ಕೇಳಿಸಿತು.

ಠಾಣೆಯಲ್ಲಿ ಪೇದೆ ಮೇಜಿನ ಮೇಲೆ ಕಾಲು ಚಾಚಿ ಕೂತಿದ್ದ.

"ಅಮಲು ಇಳೀಲಿ ಬಿಡಿ. ಸಾಯಂಕಾಲ ಬಿಡ್ತೀವಿ."

"ಮೂಸಿ ನೋಡಿದ್ರಾ ಅವನನ್ನ?"

"ಯಾಕೆ ಮೂಸ್ಬೇಕು? ನೋಡಿದ್ರೆ ಗೊತ್ತಾಗಲ್ವಾ?"

ಅವನ ಬೆಲ್ಟಿನಿಂದ ಬೀಗದ ಕೈ ಕಿತ್ತುಕೊಂಡೆ. ಕೂಗಾಡಿದ. ನಾನೂ ಹಿಂದೆ ಪೊಲೀಸಿನಲ್ಲಿದ್ದವನು; ಆ ಕಣ್ಣು ಅವನಿಗೆ ಗುರುತು ಸಿಕ್ಕಿರಬೇಕು, ಎದ್ದು ಬರಲಿಲ್ಲ.

ನಿಧಾನಿ ಲಾಕಪ್ಪಿನ ಮೂಲೆಯಲ್ಲಿ ಬಿದ್ದಿದ್ದ. ಮೈಮೇಲೆ ಯಾರದೋ ವಾಂತಿ.

"ಭಾವ... ಬೆಂಚಿಂದ ಅಲ್ಲಾಡ್ಬೇಡ ಅಂದಿದ್ದೆ ನೀನು. ಮೈಯೆಲ್ಲ ನೋಯೋಕೆ ಶುರುವಾಯ್ತು, ಗೇಟ್ ಹತ್ರಾನೇ ಬರೋಣ ಅಂತ ಎದ್ದೆ. ಕಾಲು ನಂದಲ್ಲ ಅನ್ಸ್ತು."

"ಮಾತಾಡ್ಬೇಡ."

"ಎಲ್ಲಾರಿಗೂ ಹೇಳ್ದೆ. ಗಾಳಿಕೋಣೆ, ಗಾಳಿಕೋಣೆ ಅಂತ. ನಕ್ಕರು."

ಹೆಗಲ ಮೇಲೆ ಹೊತ್ತು ಜೀಪಿಗೆ ಓಡಿದೆ. ಅವನ ಕಾಲುಗಳು ನನ್ನ ಎದೆಗೆ ಬಡಿಯುತ್ತಿದ್ದವು, ನೀರು ಕುಡಿದ ಹಗ್ಗದ ಹಾಗೆ.

ಸೇತುವೆಯ ರಸ್ತೆಗೆ ತಿರುಗಿದಾಗ ಗೇಟಿನ ಅಡ್ಡಗೋಲು ಇಳಿದಿತ್ತು. ಅದರ ಮುಂದೆ ಗೂಳಿ, ಕೈಗೆ ಬ್ಯಾಂಡೇಜು, ಹಿಂದೆ ಅವನ ಕಡೆಯವರು.

"ಗೆಸ್ಟ್‌ಗಳು ಒಳಗಿದ್ದಾರೆ! ಸಾಹೇಬ್ರ ಆರ್ಡರ್! ವಾಪಸ್ ಹೋಗು!"

"ಗೂಳಿ, ಅವನು ಸಾಯ್ತಿದ್ದಾನೆ."

"ಬೇರೆ ಎಲ್ಲಾದ್ರೂ ಸಾಯ್ಲಿ."

ಗೇರ್ ಬದಲಿಸಿದೆ. ಗೂಳಿ ನನ್ನ ಮುಖ ನೋಡಿದ. ನಾನು ನಿಲ್ಲಿಸುವವನಲ್ಲ ಎಂದು ಅವನಿಗೆ ಅರ್ಥವಾಯಿತು. ಪಕ್ಕಕ್ಕೆ ಹಾರಿಕೊಂಡ. ಅಡ್ಡಗೋಲು ಗಾಜಿಗೆ ಬಡಿದು ಎರಡು ತುಂಡಾಯಿತು. ಯಾರೋ ಎಸೆದ ಕಬ್ಬಿಣದ ತುಂಡು ನನ್ನ ಕಿವಿಯ ಪಕ್ಕ ಹಾದುಹೋಯಿತು. ಸಿಮೆಂಟ್ ಚೀಲಗಳ ನಡುವೆ, ಕೇಬಲ್ ಉರುಳೆಗಳ ನಡುವೆ ಜೀಪು ಓಡಿಸಿದೆ. ನನ್ನ ಹಿಂದೆ ಅವರ ಬೂಟುಗಳ ಸದ್ದು.

ಡಾಕ್ಟರಮ್ಮ ಬಾಗಿಲು ತೆರೆದು ನಿಂತಿದ್ದರು. ಮಲಗಿಸಿದ ಸಿಲಿಂಡರಿನಂಥ ಕೋಣೆ, ಒಂದು ಮಂಚ, ಒಂದು ಸ್ಟೂಲು, ಹೊರಗಿನವರ ಜೊತೆ ಮಾತಾಡಲು ಒಂದು ಫೋನು, ಅಂಗೈಯಗಲದ ಗಾಜಿನ ಕಿಟಕಿ.

"ನಾನು ಹೊರಗೆ ಪ್ಯಾನೆಲ್ ನೋಡ್ಕೋಬೇಕು. ಒಳಗೆ ಅವನ ಜೊತೆ ಯಾರಾದ್ರೂ ಇರ್ಬೇಕು."

ಒಳಗೆ ಹೋದೆ. ಬಾಗಿಲು ಬಿಗಿಯಿತು.

ಒತ್ತಡ ಏರಿತು, ಕಿವಿ ಮುಚ್ಚಿಕೊಂಡವು. ಅವನ ಮುಖದ ಬಿಗಿ ಸಡಿಲಾಯಿತು. ಕಾಲಿನ ಹೆಬ್ಬೆರಳು ಅಲ್ಲಾಡಿತು! ನನ್ನ ಕಣ್ಣಲ್ಲಿ ನೀರು ಬಂತು ಸ್ವಾಮಿ. ನಾಚಿಕೆ ಏನು, ಬಂತು.

"ನೋವು ಹೋಯ್ತು ಭಾವ."

"ಹೋಗ್ಲೇಬೇಕು. ನಿನ್ನ ಹೆಂಡತಿ ಬರ್ತಿದ್ದಾಳೆ. ಬೈಸ್ಕೊಳ್ಳೋಕೆ ರೆಡಿಯಾಗು."

ನಕ್ಕ. "ಊಟಕ್ಕೆ ಲೇಟಾದ್ರೂ ಬೈತಾಳೆ. ಇವತ್ತು..."

ಮಾತು ನಿಂತಿತು. ಕೆಮ್ಮಿದ. ಎದೆ ಏರಿತು, ಇಳಿಯಿತು, ಮತ್ತೆ ಏರಲಿಲ್ಲ.

ಡಾಕ್ಟರಮ್ಮ ಫೋನಿನಲ್ಲಿ ಹೇಳಿದ್ದನ್ನೆಲ್ಲ ಮಾಡಿದೆ. ಎದೆ ಒತ್ತಿದೆ. ಬಾಯಿಗೆ ಬಾಯಿಟ್ಟು ಊದಿದೆ. ತೋಳು ಸೋತು ಬೀಳುವವರೆಗೂ ಮಾಡಿದೆ.

"ಸಾಕು," ಎಂದರು ಕೊನೆಗೆ. ದನಿ ಒಡೆದಿತ್ತು. "ತುಂಬಾ ಹೊತ್ತು ಕಳೆದುಹೋಗಿತ್ತು. ಆದ್ರೆ... ಬಾಗಿಲು ಈಗ ತೆಗೆಯೋಕಾಗಲ್ಲ. ನಿಮ್ಮ ಮೈಯಲ್ಲೂ ಆ ಗಾಳಿ ಸೇರಿದೆ. ಪೂರ್ತಿ ಟೈಮ್ ಕೂರ್ಬೇಕು."

ಫೋನಿನಲ್ಲಿ ಇನ್ನೊಂದು ದನಿ ನುಗ್ಗಿತು. ಸಾಹೇಬರು. "ಹೋದವನು ಹೋದ ಕಣಯ್ಯಾ! ಬೇಗ ಹೊರಗೆ ಬಾ. ಹಿಂದಿನ ಗೇಟಿಂದ ಸಾಗಿಸಿಬಿಡೋಣ. ದಾರಿಯಲ್ಲಿ ಬಿದ್ದಿದ್ದ, ಕುಡಿದಿದ್ದ ಅಂತ ನೀನೇ ಹೇಳಿಬಿಡು."

"ಸಾರ್, ಆ ವಾಲ್ವ್ ಕಡೆ ಕೈ ಚಾಚಿ ನೋಡಿ. ಹೊರಗೆ ಬಂದ ಮೇಲೆ ಆ ಕೈ ನಿಮ್ಮ ಹತ್ರ ಇರಲ್ಲ. ನಾನು ಏನು ಹೇಳ್ಬೇಕೋ ಅದನ್ನ ಗೆಸ್ಟ್‌ಗಳಿಗೇ ಹೇಳ್ತೀನಿ."

ಡಾಕ್ಟರಮ್ಮ ಅವರನ್ನು ಹೊರಗೆ ದಬ್ಬಿದ ಸದ್ದು ಕೇಳಿಸಿತು. ಆಮೇಲೆ ಬರೀ ಗಾಳಿಯ ಸದ್ದು.

ಅಷ್ಟರಲ್ಲಿ ಕಿಟಕಿಗೆ ಒಂದು ಮುಖ ಬಂತು.

ನನ್ನ ತಂಗಿ.

ಓಡಿಬಂದಿದ್ದಳು. ಹಣೆಗೆ ಕೂದಲು ಅಂಟಿತ್ತು. ಡಾಕ್ಟರಮ್ಮ ಅವಳ ಹಿಂದೆ ನಿಂತು, ನನ್ನ ಕಡೆ ನೋಡಿ, ತಲೆ ಅಲ್ಲಾಡಿಸಿದರು. ಅವರೂ ಹೇಳಿರಲಿಲ್ಲ. ತಂಗಿ ಅಂಗೈಯನ್ನು ಗಾಜಿಗೆ ಒತ್ತಿ, ಹುಬ್ಬೇರಿಸಿ ಕೇಳಿದಳು. ಹೇಗಿದ್ದಾರೆ?

ಗಾಜಿನಾಚೆ ಅವಳು, ಈಚೆ ನಾನು, ನಡುವೆ ತೆರೆಯಲಾಗದ ಬಾಗಿಲು. ಹೇಳಿದರೆ ಆ ಬಾಗಿಲನ್ನು ಬಡಿಬಡಿದು ಕೈ ಒಡೆದುಕೊಳ್ಳುತ್ತಾಳೆ. ಹಿಡಿದುಕೊಳ್ಳಲು ನಾನು ಅಲ್ಲಿರುವುದಿಲ್ಲ.

ಅವನ ಕಣ್ಣನ್ನು ಕೈಯಿಂದ ಮುಚ್ಚಿದೆ. ಕೆನ್ನೆಗೆ ಕೈಯಿಟ್ಟು, ತಲೆ ವಾಲಿಸಿ ತೋರಿಸಿದೆ.

ಮಲಗಿದ್ದಾನೆ.

ಅವಳ ಭುಜ ಇಳಿಯಿತು. ಮುಖದಲ್ಲಿ ಒಂದು ನಗೆಯೂ ಬಂತು. ಸದ್ದು ಮಾಡಬಾರದು ಎಂದು ಚಪ್ಪಲಿ ಬಿಚ್ಚಿ, ಕಿಟಕಿಯ ಕೆಳಗೆ ನೆಲದ ಮೇಲೆ ಕೂತಳು. ಆಗಾಗ ಎದ್ದು ಇಣುಕುವಳು. ನಾನು ಅವನ ಹೊದಿಕೆ ಸರಿಮಾಡುವೆ. ಅವಳು ತಲೆದೂಗಿ ಮತ್ತೆ ಕೂರುವಳು.

ಹೊರಗೆ ದೀಪ ಹಾಕಿದರು. ಒತ್ತಡ ಇಳಿಯಿತು, ಸ್ವಲ್ಪ ಸ್ವಲ್ಪವೇ, ಅವನು ಇಳಿಸುತ್ತಿದ್ದ ಹಾಗೇ.

ಬಾಗಿಲು ತೆರೆಯಿತು. ತಂಗಿ ಬೆರಳನ್ನು ತುಟಿಗಿಟ್ಟುಕೊಂಡು, ಬರಿಗಾಲಲ್ಲಿ ಒಳಗೆ ಬಂದಳು.

"ಮೆಲ್ಲಗೆ ಅಣ್ಣ. ಎಬ್ಬಿಸ್ಬೇಡ."

ಸುಳ್ಳು ಹೇಳುವುದು ನನ್ನ ಉದ್ಯೋಗ ಸ್ವಾಮಿ. ಸಂಬಳವಿಲ್ಲದೆ ಹೇಳಿದ್ದು ಅದೊಂದೇ.