ಮನೋಳಿಗೆ ಬಂದ ಖಾಲಿ ಲಾರಿ

ಆ ಗುರುವಾರ ಮುಂಜಾನೆ ನಮ್ಮ ಸಹಕಾರಿ ಭಂಡಾರದ ಮುಂದೆ ಲಾರಿ ನಿಂತಾಗ ನಾನು ಖುಷಿಯಿಂದ ಹೊರಗೆ ಓಡಿದೆ. ಮೂರು ವಾರದಿಂದ ಮನೋಳಿ ಶಾಖೆಯಲ್ಲಿ ಒಂದು ಕಾಳು ಅಕ್ಕಿ ಇರಲಿಲ್ಲ. ತಾಡಪತ್ರಿ ಸರಿಸಿ ನೋಡಿದರೆ ಲಾರಿಯೂ ಖಾಲಿ.

"ಅಕ್ಕಿ ಎಲ್ಲಿ, ಮಡಿವಾಳೆಪ್ಪಣ್ಣ?"

"ಅದನ್ನ ನೀನ ಹೇಳಬೇಕವ್ವಾ," ಎಂದು ಡ್ರೈವರ್ ಮಡಿವಾಳೆಪ್ಪ ಚೀಟಿ ಕೊಟ್ಟ. "ಇಲ್ಲಿಂದ ಮೂವತ್ತು ಚೀಲ ಹೇರಕೊಂಡು ರಾಮದುರ್ಗಕ್ಕ ಒಯ್ಯಿ ಅಂದಾರ."

ಚೀಟಿಯಲ್ಲಿ ಕಂಪ್ಯೂಟರ್ ಅಕ್ಷರ. ಮನೋಳಿ ಶಾಖೆ, ಹೆಚ್ಚುವರಿ ಅಕ್ಕಿ ಮೂವತ್ತು ಚೀಲ. ಕೆಳಗೆ ಸಹಿ: ಶ್ರೀಶೈಲ, ಎಂ.ಐ.ಎಸ್. ವಿಭಾಗ.

೧೯೯೯ರ ಮಾತು. ಬೈಲಹೊಂಗಲದಲ್ಲಿ ನಮ್ಮ ಗ್ರಾಹಕರ ಸಹಕಾರಿ ಸಂಘದ ಹೆಡ್ ಆಫೀಸಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು, ಅದರ ಬೆನ್ನಿಗೆ ಈ ಶ್ರೀಶೈಲನೂ ಬಂದಿದ್ದ. ಎಂ.ಐ.ಎಸ್. ಅಂದರೆ ಮ್ಯಾನೇಜ್‌ಮೆಂಟ್ ಇನ್ಫರ್ಮೇಶನ್ ಸಿಸ್ಟಮ್. ಪ್ರತಿ ಶನಿವಾರ ಅವನು ಸವದತ್ತಿ, ರಾಮದುರ್ಗ, ಕಟಕೋಳ, ಮನೋಳಿ ಶಾಖೆಗಳಿಗೆ ಫೋನ್ ಮಾಡಿ ಯಾವ ಮಾಲು ಎಷ್ಟಿದೆ ಎಂದು ಕೇಳಿ ಕಂಪ್ಯೂಟರಿಗೆ ಹಾಕುತ್ತಿದ್ದ. ಅದು ಕೊಡುವ ವರದಿ ನೋಡಿ ಆಡಳಿತ ಮಂಡಳಿ ನಿರ್ಧಾರ ಮಾಡುತ್ತಿತ್ತು.

ಅವನ ಮುಖ ನಾನು ನೋಡಿರಲಿಲ್ಲ. ದನಿ ಗೊತ್ತಿತ್ತು. ಸುಳ್ಳು ಯಾಕೆ ಹೇಳಲಿ, ದನಿ ಚೆನ್ನಾಗಿತ್ತು. ಶನಿವಾರ ಹನ್ನೊಂದಕ್ಕೆ ಫೋನ್ ರಿಂಗಾದರೆ ಮೊದಲು ಮುಂಗೂದಲು ಸರಿ ಮಾಡಿಕೊಂಡು ಆಮೇಲೆ ಎತ್ತುತ್ತಿದ್ದೆ, ಫೋನಿಗೆ ಕಣ್ಣಿದೆಯೇನೋ ಅನ್ನುವ ಹಾಗೆ.

ಆದರೆ ದನಿ ಚೆನ್ನಾಗಿದೆ ಅಂತ ಖಾಲಿ ಲಾರಿಯನ್ನು ಸಹಿಸಿಕೊಳ್ಳಲು ಆಗುತ್ತದೆಯೇ? ಭಂಡಾರಕ್ಕೆ ಬೀಗ ಹಾಕಿ ಅದೇ ಲಾರಿ ಹತ್ತಿದೆ.

ಹೆಡ್ ಆಫೀಸಿನ ಕಂಪ್ಯೂಟರ್ ಕೋಣೆಗೆ ದೇವರ ಕೋಣೆಯಂತೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಬಕಲ್ ಬಿಚ್ಚುವಷ್ಟರಲ್ಲಿ ನನ್ನ ಸಿಟ್ಟು ಅರ್ಧ ಇಳಿಯಿತು. ಒಳಗೆ ತೆಳ್ಳಗಿನ ಒಬ್ಬ ಹುಡುಗ ಕುಳಿತಿದ್ದ. ಉದ್ದ ರೆಪ್ಪೆ. ಅಷ್ಟು ಉದ್ದ ರೆಪ್ಪೆ ಗಂಡಸಿಗೆ ಯಾಕೆ ಬೇಕು?

"ನಾ ಶೀತಲ. ಮನೋಳಿ ಶಾಖೆ."

ಅವನು ಗಡಬಡಿಸಿ ಎದ್ದ. "ಫೋನ್‌ನ್ಯಾಗ ಭಾಳ ದೊಡ್ಡವರ ಅನಸ್ತಿದ್ರಿ."

ಇಳಿದ ಸಿಟ್ಟು ಮತ್ತೆ ಏರಿತು. "ಅಕ್ಕಿ ಕಳಸ್ರಿ ಅಂದ್ರ ಅಕ್ಕಿ ಒಯ್ಯಾಕ ಲಾರಿ ಕಳಸೀರಿ. ತಲಿ ನೆಟ್ಟಗೈತಿಲ್ಲೋ?"

"ನೀವ ಹೇಳಿದ್ದು ಬರಕೊಂಡೇನ್ರಿ." ಅವನು ಡೈರಿ ತೆರೆದು ಓದಿದ. "'ಅಕ್ಕಿ ಹೆಚ್ಚಾಗ್ಯಾವ, ಲಗೂನ ಏನರ ವ್ಯವಸ್ಥಾ ಮಾಡ್ರಿ.' ಎಷ್ಟು ಚೀಲ ಅಂತ ಕೇಳಿದ್ರ ಮತ್ತ ಹೆಚ್ಚಾಗ್ಯಾವ ಅಂದ್ರಿ. ನಿಮ್ಮ ಗೋದಾಮು ಹಿಡಿಯೂದು ಮೂವತ್ತು ಚೀಲ. ಮೂವತ್ತು ಅಂತ ಹಾಕೀನಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಯ್ಯ, ಹೆಚ್ಚಾಗ್ಯಾವ ಅಂದ್ರ ತೀರ್ಯಾವ ಅಂತ ರೀ!"

"ಹೆಚ್ಚಾದದ್ದು ತೀರೂದು ಹೆಂಗ್ರಿ?"

"ಅಕ್ಕಿ, ಉಪ್ಪು, ಕುಂಕುಮ ತೀರಿದ್ವು ಅಂತ ಬಾಯಿಲೆ ಅನಬಾರದು. ಬಳಿ ಒಡದ್ರೂ ಹೆಚ್ಚಾತು ಅಂತೀವಿ. ನಿಮ್ಮವ್ವ ಇಷ್ಟೂ ಕಲಸಿಲ್ಲೇನ?"

"ಅವ್ವ ಇಲ್ರಿ," ಎಂದ ಮೆಲ್ಲಗೆ. "ಆರನೇ ವರ್ಷದಿಂದ ಹಾಸ್ಟೆಲಿನ್ಯಾಗ ಬೆಳದೀನಿ. ಅಲ್ಲಿ ಸಾರು ತೀರಿದ್ರ ತೀರೇತಿ ಅಂತನ ಒದರತಿದ್ರು."

ನನ್ನ ಬಾಯಿಗೆ ಬೀಗವಿಲ್ಲ ಅಂತ ಅವ್ವ ಬೈಯುವುದು ಸುಮ್ಮನೆ ಅಲ್ಲ. ಏನಾದರೂ ಹೇಳಬೇಕು ಅನ್ನುವಷ್ಟರಲ್ಲಿ ಅವನ ಮುಖವೇ ಬಿಳಿಚಿಕೊಂಡಿತು.

"ವರದಿ ಆಗಲೇ ಹೋಗೇತ್ರಿ. ಮನೋಳ್ಯಾಗ ಮಾಲು ತುಂಬೇತಿ, ವ್ಯಾಪಾರ ಇಲ್ಲ, ಶಾಖೆ ಮುಚ್ಚಬೇಕು ಅಂತ. ಇವತ್ತ ನಾಕಕ್ಕ ಮೀಟಿಂಗ್."

ಶಾಖೆ ನಮ್ಮ ಓಣಿಯಲ್ಲೇ ಇದೆ ಅನ್ನುವ ಒಂದೇ ಕಾರಣಕ್ಕೆ ಅಪ್ಪ ನನ್ನನ್ನು ಕೆಲಸಕ್ಕೆ ಬಿಟ್ಟಿದ್ದ. ಮುಚ್ಚಿದರೆ ನನ್ನ ಬಿ.ಕಾಂ. ಡಿಗ್ರಿ ಟ್ರಂಕು ಸೇರುತ್ತಿತ್ತು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿದ ಮ್ಯಾನೇಜರ್ ಬಸಯ್ಯ, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವಂತೆ ಅವನಿಗೆ ಹೇಳಿದರು. "ಶಾಖೆಯವರು ಅಂಕಿ ಸರಿ ಕೊಟ್ಟಿಲ್ಲ ಅಂತ ಹೇಳಿಬಿಡು. ನಿನ್ನ ಪ್ರೊಬೇಷನ್ ಮುಗಿಯೂ ತಿಂಗಳಿದು. ಶಾಣ್ಯಾ ಆಗು."

ಅವನು ನನ್ನತ್ತ ನೋಡಿದ. ನಾನು ನೆಲ ನೋಡಿದೆ. ನಿಜ ಹೇಳಬೇಕೆಂದರೆ ಬಸಯ್ಯನವರ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ.

ನಾಲ್ಕಕ್ಕೆ ನನ್ನನ್ನೂ ಒಳಗೆ ಕರೆದರು. ಅಧ್ಯಕ್ಷ ಮಹಾಂತಪ್ಪನವರಿಗೆ ಕಂಪ್ಯೂಟರ್ ಅಂದರೆ ಮೊಮ್ಮಗನಷ್ಟು ಅಕ್ಕರೆ. ವರದಿಯ ಮೇಲೆ ಕೈಯಿಟ್ಟು ಹೇಳಿದರು. "ಮನುಷ್ಯಾ ಸುಳ್ಳು ಹೇಳಬಹುದು, ಕಂಪ್ಯೂಟರ್ ಹೇಳಂಗಿಲ್ಲ. ಮನೋಳಿ ಮುಚ್ಚೂದ ಬರೋಬ್ಬರಿ."

ಶ್ರೀಶೈಲ ಎದ್ದು ನಿಂತ. "ಕಂಪ್ಯೂಟರ್ ಸುಳ್ಳು ಹೇಳಿಲ್ರಿ ಸಾಹೇಬ್ರ. ಅದಕ್ಕ ಸುಳ್ಳು ಹೇಳಿದಾಂವ ನಾನು. ಅವರ ಮಾತು ನನಗ ತಿಳೀಲಿಲ್ಲ, ತಿಳೀದಿದ್ರೂ ಅಂಕಿ ಹಾಕಿಬಿಟ್ಟೆ. ಮೂವತ್ತು ಅನ್ನೂದು ನನ್ನ ಕಲ್ಪನಾ."

ಬಸಯ್ಯ ಹಣೆ ಒತ್ತಿಕೊಂಡರು. ಅಧ್ಯಕ್ಷರಿಗೆ ಏನೂ ಅರ್ಥವಾಗಲಿಲ್ಲ. "ಯಾವ ಮಾತು?"

ಅವನೊಬ್ಬನೇ ಬೈಸಿಕೊಳ್ಳಲಿ ಅಂತ ಬಿಡಲು ನನಗೆ ಮನಸ್ಸಾಗಲಿಲ್ಲ. "ಅಧ್ಯಕ್ಷರ, ನಿಮ್ಮ ಮನ್ಯಾಗ ಕುಂಕುಮ ತರಸೂದಿದ್ರ ಅಕ್ಕಾರು ಏನಂತಾರ್ರಿ?"

"ಏನಂತಾಳ? ಕುಂಕುಮ ಹೆಚ್ಚಾಗೇತಿ ತರ್ರಿ ಅಂತಾಳ," ಎಂದರು ಯೋಚಿಸದೆ.

"ನಾನೂ ಅಕ್ಕಿ ಹೆಚ್ಚಾಗ್ಯಾವ ಅಂದೇನ್ರಿ."

ಅಧ್ಯಕ್ಷರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಗು ನಿಂತ ಮೇಲೆ ಗಂಭೀರವಾಗಿ ತೀರ್ಮಾನ ಹೇಳಿದರು. ಮನೋಳಿ ಮುಚ್ಚುವುದಿಲ್ಲ, ನಾಳೆಯೇ ಅಕ್ಕಿ ಹೋಗಬೇಕು. ನಾನು ಇನ್ನು ಮುಂದೆ ಸೊನ್ನೆ ಇದ್ದರೆ ಸೊನ್ನೆ ಅನ್ನಬೇಕು. ಶ್ರೀಶೈಲನ ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ. "ಮಂದಿ ಹೆಂಗ ಮಾತಾಡ್ತಾರ ಗೊತ್ತಿಲ್ದ ವರದಿ ಬರೀಬ್ಯಾಡ. ಒಂದೊಂದು ಶಾಖೆದಾಗ ಒಂದೊಂದು ವಾರ ಕುಂದ್ರು. ಮೊದಲು ಮನೋಳಿ."

ಸೋಮವಾರ ಅವನು ಬಂದ. ಗಲ್ಲಾಪೆಟ್ಟಿಗೆಯ ಪಕ್ಕ ಸ್ಟೂಲ್ ಹಾಕಿಕೊಟ್ಟೆ. ಬೆಳಗಿನಿಂದ ಸಂಜೆಯವರೆಗೆ ಪ್ರಶ್ನೆಗಳೇ.

"ಅಮಾಸಿ ಹಿಂದಿನ ದಿನ ಬೆಲ್ಲ ಯಾಕ ಇಷ್ಟ ಹೋಗತೈತ್ರಿ?"

"ಹೋಳಿಗಿ ಮಾಡಾಕ. ಇದನ್ನೂ ಕಂಪ್ಯೂಟರಿಗೆ ಹೇಳಬೇಕೇನ?"

"ಹೇಳಬೇಕ್ರಿ. ಹಂಗಂದ್ರ ಮುಂದಿನ ಅಮಾಸಿಗೆ ಬೆಲ್ಲ ಎರಡು ದಿನ ಮೊದಲ ಕಳಸಾಕ ಬರತೈತಿ."

ಕೆಲಸ ಗೊತ್ತಿರುವವನೇ, ಅನ್ನಿಸಿತು. ಇನ್ನೊಂದೂ ಗಮನಿಸಿದೆ. ಪ್ರಶ್ನೆ ಕೇಳುವಾಗ ಡೈರಿ ನೋಡುತ್ತಿದ್ದ, ನಾನು ಉತ್ತರ ಹೇಳುವಾಗ ನನ್ನನ್ನು. ಬರೆಯುವುದನ್ನು ಮರೆತು ಹಾಗೇ ನೋಡುತ್ತಿದ್ದ. ಎಣ್ಣೆ ಒಯ್ಯಲು ಬಂದ ಕೃಷ್ಣವ್ವಜ್ಜಿ ಒಮ್ಮೆ ಅವನನ್ನೂ ಒಮ್ಮೆ ನನ್ನನ್ನೂ ನೋಡಿ, "ಶೀತವ್ವಾ, ಎಣ್ಣಿ ಹೊರಗ ಚೆಲ್ಲಾಕಹತ್ತೇತಿ ನೋಡವ್ವಾ," ಎಂದಳು.

ಶನಿವಾರ ಸಂಜೆ ಅವನು ಬ್ಯಾಗು ಕಟ್ಟಿದ. ಸವದತ್ತಿ ಬಸ್ಸಿಗೆ ಹತ್ತು ನಿಮಿಷವಿತ್ತು. ಹೋಗದೆ ಕಟ್ಟೆಯ ಮೇಲೆ ನಿಂತೇ ಇದ್ದ.

"ಒಂದು ನಿರ್ಧಾರ ಮಾಡಬೇಕಾಗೇತ್ರಿ. ಮಾಹಿತಿ ಸಾಲವಲ್ದು."

"ಯಾವ ಮಾಲಿಂದು?"

"ಮಾಲಲ್ಲ." ಅವನ ಕಿವಿ ಕೆಂಪಾದವು. "ನನ್ನ ಕಡಿ ಮಾಹಿತಿ ಪೂರಾ ಐತಿ. ಫೋನ್‌ನ್ಯಾಗ ನಿಮ್ಮ ದನಿ ಕೇಳಾಕ ಶನಿವಾರ ಯಾವಾಗ ಬರತೈತಿ ಅಂತ ಕಾಯತಿದ್ದೆ. ಮೊದಲ ವಾರದಿಂದ. ನಿಮ್ಮ ಕಡಿದು ಗೊತ್ತಿಲ್ಲ. ಈ ಸಲ ನಾನ ಊಹೆ ಮಾಡಂಗಿಲ್ರಿ, ನೀವ ಹೇಳಬೇಕು."

ಸುತ್ತಿ ಬಳಸಿ ಮಾತಾಡುವುದು ನನಗೆ ಬರುತ್ತಿತ್ತು, ಆದರೆ ಆಗ ಬೇಡವೆನಿಸಿತು.

"ನನಗ ನೀವು ಬೇಕು," ಎಂದೆ.

ಅವನ ಉದ್ದ ರೆಪ್ಪೆಗಳು ಒದ್ದೆಯಾದವು. ಆಮೇಲೆ ಕೇಳಿದ. "ನಿಮ್ಮ ಅಪ್ಪಾರನ್ನ ಯಾವಾಗ ಬಂದು ಕಾಣಲಿ?"

"ಈಗ. ಊಟಕ್ಕ ಕುಂದ್ರೂ ಹೊತ್ತು. ಸಿಟ್ಟು ಕಮ್ಮಿ ಇರತೈತಿ."

ಬಸ್ಸು ಹಾರ್ನ್ ಹೊಡೆದು ಅವನನ್ನು ಬಿಟ್ಟೇ ಹೋಯಿತು. ಅವನು ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನ ಹಿಂದೆ ಬಂದ, ನಮ್ಮ ಹೊಸ್ತಿಲ ಹೊರಗೆ ಅಳುಕಿ ನಿಂತ. ನಾನು ಅಲ್ಲಿಂದಲೇ ಅಡಿಗೆಮನೆಗೆ ಕೇಳುವಂತೆ ಕೂಗಿದೆ.

"ಯವ್ವಾ, ಇನ್ನೊಂದು ತಾಟು ಹಾಕ!"