ಝುಹ್ತು ಬದಲಿಸಿದ ಪುಟ

ಇಪ್ಪತ್ತೆರಡು ವರ್ಷ ಹಲ್ವದ ಕಡಾಯಿಯ ಮುಂದೆ ಬೆಂದವನು ಝುಹ್ತು. ಅಪ್ಪ ಸತ್ತಾಗ ಅಂಗಡಿಯ ಅರ್ಧ ಹೋದದ್ದು ತಂಗಿ ನಾಜಿಯೆಗೆ. ಇಜ್ಮಿರಿನ ಶಾಲೆಯೊಂದರಲ್ಲಿ ಲೆಕ್ಕ ಕಲಿಸುತ್ತಿದ್ದ ಅವಳು ಒಂದು ದಿನವೂ ಸೌಟು ಮುಟ್ಟಿದವಳಲ್ಲ. ಝುಹ್ತುವಿಗೆ ಹೊಟ್ಟೆ ಉರಿಯಿತು.

ಅಣ್ಣತಂಗಿಯರ ನಡುವೆ ಕರಾರಿನ ಮಾತಾಯಿತು. ಅಂಗಡಿ ಅವನೇ ನಡೆಸಬೇಕು. ತಂಗಿಗೆ ಅವಳ ಪಾಲಿನ ಬೆಲೆಯಾಗಿ ಹನ್ನೆರಡು ವರ್ಷ, ವರ್ಷಕ್ಕೊಂದು ಕಂತು. ಬೆಲೆಗಳು ಏರಿದಷ್ಟು ಕಂತೂ ಏರಬೇಕು. ಒಂದು ಕಂತು ತಪ್ಪಿದರೂ ಅಂಗಡಿ ಅವಳದು.

ಅದು ಸಾವಿರದ ಒಂಬೈನೂರ ಎಂಬತ್ತರ ಜೂನ್. ಎಣ್ಣೆಗೆ ಕ್ಯೂ, ಕಾಫಿಪುಡಿ ಕಣ್ಣಿಗೂ ಬೀಳದು, ಬೆಲೆಗಳು ವರ್ಷದಲ್ಲಿ ದುಪ್ಪಟ್ಟು. ಬ್ಯಾಂಕಿನ ಬಡ್ಡಿ ಮಾತ್ರ ಸರ್ಕಾರ ಕಟ್ಟಿಹಾಕಿದಲ್ಲೇ, ನೂರಕ್ಕೆ ಇಪ್ಪತ್ತರ ಆಸುಪಾಸಿನಲ್ಲಿ, ತೂಕಡಿಸುತ್ತಿತ್ತು. 'ಬೆಲೆ ಏರಿದಷ್ಟು' ಎಂಬಲ್ಲಿ 'ಬ್ಯಾಂಕಿನ ಬಡ್ಡಿಯಷ್ಟು' ಎಂದಿದ್ದರೆ? ನಾಲ್ಕು ವರ್ಷದಲ್ಲಿ ತಂಗಿಯ ಕಂತು ಒಂದು ಬುಟ್ಟಿ ಸಿಮಿತ್ ರೊಟ್ಟಿಗೂ ಸಾಲದು. ಝುಹ್ತು ಎರಡು ಪುಟದ ಕರಾರು ಹೊಡೆದ ಅದೇ ಟೈಪ್‌ರೈಟರಿನಲ್ಲಿ, ಅದೇ ಬಗೆಯ ಕಾಗದದ ಮೇಲೆ ಹೊಸ ಮೊದಲ ಪುಟ ಹೊಡೆದು, ಮಡಿಸದೆ ಕೋಟಿನೊಳಗೆ ಇಟ್ಟುಕೊಂಡ. ಸಹಿ ಬೀಳುವುದು ಎರಡನೆಯ ಪುಟಕ್ಕೆ.

ಸಹಿಯ ದಿನ ನಾಜಿಯೆ ತನ್ನ ಮನೆಯಂಗಳದಲ್ಲಿ ಚಹಾ ಹೀರುತ್ತ ಮೊದಲ ಪುಟ ಎರಡು ಸಲ ಓದಿದಳು. ಗಾಳಿಗೆ ಹಾರದಂತೆ ಅದರ ಮೇಲೆ ಲೋಟವಿಟ್ಟು, ಎರಡನೆಯದಕ್ಕೆ ಸಹಿ ಮಾಡಿದಳು. ಲೋಟ ಎತ್ತಿಕೊಂಡು ಇನ್ನಷ್ಟು ಚಹಾ ತರಲು ಒಳಗೆ ಹೋದಳು. ಅಷ್ಟರಲ್ಲಿ ಪುಟ ಬದಲಾಗಿತ್ತು.

"ಒಂದೇ ಪ್ರತಿ ಸಾಕು, ನಿನ್ನ ಹತ್ರಾನೇ ಇರ್ಲಿ ಕಣಮ್ಮ," ಎಂದ ಝುಹ್ತು. "ನಿನ್ನ ಮೇಲೆ ನಂಬ್ಕೆ ಇದೆ."

ಜುಲೈನಲ್ಲಿ ಸರ್ಕಾರ ಬಡ್ಡಿಯ ಕಟ್ಟು ಬಿಚ್ಚಿತು. ಮುಂದಿನ ಜೂನಿಗೆ ಬಡ್ಡಿ ಐವತ್ತಕ್ಕೆ ಏರಿತ್ತು, ಬೆಲೆಯೇರಿಕೆ ನಲವತ್ತರೊಳಗೆ ಇಳಿದಿತ್ತು. ಅದರ ಮರುವರ್ಷ ಬೆಲೆಯೇರಿಕೆ ಇನ್ನೂ ತಗ್ಗಿತು, ಬಡ್ಡಿ ಕದಲಲಿಲ್ಲ. ಬೆಲೆಗಳು ಓಡಿದರೆ ಬಡ್ಡಿ ಇಂದಲ್ಲ ನಾಳೆ ಬೆನ್ನು ಹತ್ತುತ್ತದೆ, ಹನ್ನೆರಡು ವರ್ಷ ಯಾರೂ ಅದನ್ನು ಮಲಗಿಸಿಡಲಾರರು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಎರಡನೆಯ ಕಂತಿಗೆ ಹೆಂಡತಿಯ ಬಳೆಗಳು ಹೋದವು. ಮೂರನೆಯದಕ್ಕೆ ಕಡಾಯಿಯೇ ಹೋಗಬೇಕಿತ್ತು.

ಝುಹ್ತು ತಂಗಿಯ ಮನೆಗೆ ಓಡಿದ. "ಬೆಲೆ ಏರಿಕೆ ಮೇಲೆ ಅಂತ ತಾನೇ ನಾವು ಮಾತಾಡಿದ್ದು? ನೆನಪಿಲ್ವಾ?"

"ಚೆನ್ನಾಗಿ ನೆನಪಿದೆ ಅಣ್ಣ." ನಾಜಿಯೆ ತಗಡಿನ ಡಬ್ಬಿಯಿಂದ ಮೊದಲ ಪುಟ ತೆಗೆದು ಅವನ ಮುಂದಿಟ್ಟಳು. ಅಚ್ಚ ಬಿಳಿ, ಒಂದು ಕಲೆಯಿಲ್ಲ. "ನಾನು ಓದಿದ ಪುಟದ ಮೇಲೆ ಚಹಾ ಲೋಟದ ಗುರುತು ದುಂಡಗೆ ಬಿದ್ದಿತ್ತು. ಇದ್ರಲ್ಲಿ ಇಲ್ಲ ಅಂತ ಅವತ್ತು ಸಂಜೇನೇ ನೋಡ್ದೆ. ಜಗಳಕ್ಕೆ ಬರೋಣ ಅಂತಲೇ ಇದ್ದೆ, ಅಷ್ಟರಲ್ಲಿ ರೇಡಿಯೋದಲ್ಲಿ ಬಡ್ಡಿ ಕಟ್ಟು ಬಿಚ್ಚೋ ಸುದ್ದಿ ಬಂತು, ಸುಮ್ಮನಾದೆ. ಆ ಕಲೆ ಇರೋ ಪುಟ ತಂದ್ಕೊಡು, ಈಗ್ಲೇ ಅದರ ಪ್ರಕಾರ ನಡ್ಕೋತೀನಿ." ಆ ಪುಟವನ್ನು ಝುಹ್ತು ಬದಲಿಸಿದ ದಿನವೇ ಹಲ್ವದ ಒಲೆಗೆ ಹಾಕಿದ್ದ.